ಕಟ್ಟಿಗೆ ಕೆಲಸ, ಓದುಗರ ಪ್ರಶ್ನೆ: ಅಕ್ಕನ ತದಿಗೆಗೆ ಒಂದು ಲಟ್ಟಣಿಗೆ

ಗಣಪ್ಪನನ್ನು ಕಳಿಸಿಕೊಟ್ಟ ಮರುವಾರದಿಂದ ನನಗೆ ಬರುವ ಪತ್ರಗಳ ರೀತಿಯೇ ಬದಲಾಗುತ್ತದೆ. ಮಳೆಗಾಲದುದ್ದಕ್ಕೂ ಬಾಗಿಲು ಬಿಗಿಯಾಗಿದೆ, ಕಪಾಟಿಗೆ ಗೆದ್ದಲು ಹತ್ತಿದೆ ಎಂದು ಬರೆದವರೇ ಈಗ ‘ದೀಪಾವಳಿಗೆ ನನ್ನ ಕೈಯಾರೆ ಏನಾದರೂ ಮಾಡಿ ಕೊಡಬೇಕು’ ಎನ್ನುತ್ತಾರೆ. ಧಾರವಾಡದಲ್ಲಿ ನಲವತ್ತು ವರ್ಷದಿಂದ ಬಡಿಗತನ ಮಾಡಿಕೊಂಡಿರುವ ನನಗೆ ಇದಕ್ಕಿಂತ ಸಂತೋಷದ ಪ್ರಶ್ನೆ ಇನ್ನೊಂದಿಲ್ಲ. ಚೌತಿಯಿಂದ ದೀಪಾವಳಿಯ ಅಕ್ಕನ ತದಿಗೆಗೆ ಹೆಚ್ಚುಕಡಿಮೆ ಎರಡು ತಿಂಗಳು. ಕಟ್ಟಿಗೆಗೆ ಅಷ್ಟು ದಿನ ಬೇಕೇ ಬೇಕು. ಅದಕ್ಕೇ ಹಬ್ಬದ ಸಂಚಿಕೆಗೆ ಕಾಯದೆ ಈಗಲೇ ಉತ್ತರಿಸುತ್ತಿದ್ದೇನೆ.

ಮೊದಲ ಪತ್ರ: ನನಗೆ 42 ವರ್ಷ, ಬ್ಯಾಂಕಿನಲ್ಲಿ ಕೆಲಸ. ಉಳಿ ಹಿಡಿದವನಲ್ಲ. ನವಲಗುಂದದಲ್ಲಿರುವ ಅಕ್ಕನಿಗೆ ಪ್ರತಿ ದೀಪಾವಳಿಗೆ ಸೀರೆ ಕೊಡುತ್ತೇನೆ. ಈ ಸಲ ನಾನೇ ಮಾಡಿದ್ದು ಏನಾದರೂ ಕೊಡುವ ಆಸೆ. ನನ್ನಂಥವನಿಂದ ಆಗುವುದು ಏನಿದೆ? (ಹುಬ್ಬಳ್ಳಿಯಿಂದ)

ಲಟ್ಟಣಿಗೆ ಮಾಡಿರಿ. ಅದಕ್ಕೆ ಜೋಡಣೆ ಇಲ್ಲ, ಅಂಟು ಇಲ್ಲ, ಮೊಳೆ ಇಲ್ಲ. ಒಂದೇ ತುಂಡು ಕಟ್ಟಿಗೆ. ಆದರೆ ಕಟ್ಟಿಗೆ ತರುವ ಮೊದಲು ಒಂದು ಭಾನುವಾರ ಅಕ್ಕನ ಮನೆಗೆ ಹೋಗಿ ಊಟ ಮಾಡಿ ಬನ್ನಿ. ಆಕೆ ಈಗ ಬಳಸುವ ಲಟ್ಟಣಿಗೆಯನ್ನು ಕೈಗೆ ತೆಗೆದುಕೊಂಡು ನೋಡಿರಿ. ಉದ್ದ ಎಷ್ಟು, ದಪ್ಪ ಎಷ್ಟು, ಎಲ್ಲಿ ಸವೆದಿದೆ, ಆಕೆ ಅಂಗೈ ಊರಿ ಉರುಳಿಸುತ್ತಾಳೋ ತುದಿ ಹಿಡಿದು ಉರುಳಿಸುತ್ತಾಳೋ. ಸುತ್ತಳತೆಗೆ ಒಂದು ದಾರ ಸುತ್ತಿ ತಂದರೂ ಸಾಕು.

ಇದನ್ನು ಒತ್ತಿ ಹೇಳಲು ಕಾರಣವಿದೆ. 1983ರಲ್ಲಿ ನಮ್ಮಕ್ಕ ಅಣ್ಣಿಗೇರಿಗೆ ಸೊಸೆಯಾಗಿ ಹೋದಳು. ಆ ದೀಪಾವಳಿಗೆ ನಾನು ಬೀಟೆ ಕಟ್ಟಿಗೆಯ ಲಟ್ಟಣಿಗೆ ಮಾಡಿ ಒಯ್ದಿದ್ದೆ. ಕಪ್ಪುಗೆಂಪು ಬಣ್ಣ, ಎರಡೂ ತುದಿಗೆ ಸಣ್ಣ ಸಣ್ಣ ಕಡಗ ಕೊರೆದದ್ದು, ಕನ್ನಡಿಯಂಥ ಪಾಲಿಶ್. ಮನೆಮಂದಿಯೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದರು. ಮೂರು ವರ್ಷ ಬಿಟ್ಟು ಹೋದಾಗ ಅದು ದೇವರ ಮನೆಯ ಗೂಡಿನಲ್ಲಿ ಹಾಗೇ ಇತ್ತು. ಅಕ್ಕ ಹಳೆಯ ಮಾವಿನ ಲಟ್ಟಣಿಗೆಯಲ್ಲೇ ಹೋಳಿಗೆ ಮಾಡುತ್ತಿದ್ದಳು. ಕೇಳಿದೆ. ‘ಚೆಂದ ಐತಿ ತಮ್ಮಾ, ಆದ್ರ ಭಾರ ಭಾಳ. ಹೋಳಿಗಿ ಹರದು ಹೂರಣ ಹೊರಗ ಬರ್ತದ’ ಅಂದಳು. ಹೋಳಿಗೆಗೆ ಹಗುರ ಕೈ ಬೇಕು, ಹಗುರ ಲಟ್ಟಣಿಗೆ ಬೇಕು ಎನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅವತ್ತು ರಾತ್ರಿ ಆಕೆಯ ಅಂಗೈ ಅಗಲ ಅಳೆದುಕೊಂಡು ಬಂದೆ. ಹಲಸಿನ ಕಟ್ಟಿಗೆಯಲ್ಲಿ, ಎರಡು ಸೂತು (ಕಾಲು ಇಂಚು) ಸಣ್ಣಗೆ, ಕಡಗ ಗಿಡಗ ಏನೂ ಇಲ್ಲದೆ ಇನ್ನೊಂದು ಮಾಡಿದೆ. ಅದು ಇವತ್ತಿಗೂ ಆಕೆಯ ಒಲೆಕಟ್ಟೆಯ ಮೇಲಿದೆ, ನಡುವೆ ಸವೆದು ತೆಳ್ಳಗಾಗಿದೆ.

ಈಗ ಕೆಲಸ. ಕಟ್ಟಿಗೆ ಅಡ್ಡೆಯಲ್ಲಿ ಒಣಗಿದ ಹಲಸು ಅಥವಾ ಸಾಗವಾನಿ ಕೇಳಿರಿ. ಒಂದೂವರೆ ಇಂಚು ಚೌಕ, 14 ಇಂಚು ಉದ್ದ, ಗಂಟಿಲ್ಲದ ನೇರ ಎಳೆಯ ತುಂಡು. ಚೌಕವಾಗಿ ಅವರೇ ಕೀಸಿ ಕೊಡುತ್ತಾರೆ. ಚೌಕದಿಂದ ಎಂಟು ಮುಖ, ಎಂಟರಿಂದ ಹದಿನಾರು, ಹದಿನಾರರಿಂದ ದುಂಡು, ಇದು ದಾರಿ. ತಿರುಗಣಿ ಯಂತ್ರ ಬೇಡ, ಒಂದು ಸಣ್ಣ ರಂದಾ (ಕೀಸುಳಿ) ಸಾಕು.

ಎಂಟು ಮುಖ ಸಮನಾಗಿ ಬರಲು ಒಂದು ಹಳೆಯ ಲೆಕ್ಕವಿದೆ, ನನಗೆ ಬಹಳ ಪ್ರೀತಿಯದು. ಉಕ್ಕಿನ ಸ್ಕೇಲನ್ನು ಕಟ್ಟಿಗೆಯ ಮೇಲೆ ಓರೆಯಾಗಿ ಇಡಿರಿ. ಸೊನ್ನೆ ಈ ಅಂಚಿಗೆ, 3 ಇಂಚಿನ ಗೆರೆ ಆ ಅಂಚಿಗೆ ಸರಿಯಾಗಿ ತಾಗಬೇಕು. ಇಂಚಿಗೆ 8 ಸೂತು, 3 ಇಂಚಿಗೆ 24. ಏಳನೇ ಸೂತಿಗೆ ಒಂದು ಚುಕ್ಕೆ, ಹದಿನೇಳನೇ ಸೂತಿಗೆ ಒಂದು ಚುಕ್ಕೆ. ನಾಲ್ಕೂ ಮುಖಕ್ಕೆ ಹೀಗೇ ಹಾಕಿ, ಚುಕ್ಕೆಯ ಗುಂಟ ಉದ್ದಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಗೆರೆ ಮುಟ್ಟುವವರೆಗೆ ಮೂಲೆ ಕೀಸಿದರೆ ಎಂಟೂ ಮುಖ ಒಂದೇ ಅಳತೆ. ಕಟ್ಟಿಗೆ ಎಷ್ಟೇ ದಪ್ಪ ಇರಲಿ, ಅಗಲಕ್ಕಿಂತ ಉದ್ದದ ಅಳತೆಯೊಂದನ್ನು ಓರೆ ಇಟ್ಟು 24 ಪಾಲು ಮಾಡಿದರೆ 7, 10, 7 ಎಂಬ ಈ ಹಂಚಿಕೆ ಕೈಬಿಡುವುದಿಲ್ಲ. ಅಲ್ಲಿಂದ ಮುಂದೆ ಕಣ್ಣಳತೆ. ಪ್ರತಿ ಮೂಲೆಯನ್ನೂ ತುಸು ಕೀಸಿದರೆ ಹದಿನಾರು. ಆಮೇಲೆ ಒರಟು ಪಾಲಿಶ್ ಕಾಗದವನ್ನು ಪಟ್ಟಿ ಕತ್ತರಿಸಿ, ಬೂಟು ಒರೆಸುವ ಬಟ್ಟೆಯಂತೆ ಸುತ್ತು ಹಾಕಿ ಎಳೆಯಿರಿ. ಕಟ್ಟಿಗೆ ಉರುಳದ ಹಾಗೆ ಹಿಡಿಯಲು ಒಂದು ಹಲಗೆಗೆ ಎರಡು ಪಟ್ಟಿ ಬಡಿದು ನಡುವೆ ಸಂದು ಬಿಡಿರಿ, ಅದರಲ್ಲಿ ಕೂರುತ್ತದೆ.

ನುಣುಪಾಯಿತು ಅನ್ನಿಸಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ರಾತ್ರಿ ಬಿಡಿರಿ. ಬೆಳಿಗ್ಗೆ ಮುಟ್ಟಿದರೆ ಮತ್ತೆ ತರಿತರಿ ಆಗಿರುತ್ತದೆ, ನಾರು ಎದ್ದು ನಿಂತಿರುತ್ತದೆ. ಗಾಬರಿ ಬೇಡ, ಸಣ್ಣ ಕಾಗದದಿಂದ ಮತ್ತೆ ತಿಕ್ಕಿರಿ. ಇದನ್ನು ಎರಡು ಸಲ ಮಾಡಿದರೆ ಅಕ್ಕ ತೊಳೆದಾಗ ಎಳೆ ಏಳುವುದಿಲ್ಲ. ಸಂಜೆ ಒಂದೊಂದು ತಾಸು ಕೂತರೆ ಎಂಟು ಹತ್ತು ದಿನದ ಕೆಲಸ.

ಕಟ್ಟಿಗೆಯ ಸೌಟು ಮಾಡಿ ಶೇಂಗಾ ಎಣ್ಣೆ ಹಚ್ಚಿದ್ದೆ. ಎರಡು ತಿಂಗಳಿಗೆ ಜಿಡ್ಡು ಹಿಡಿದು ಮುಗ್ಗಲು ವಾಸನೆ ಬಂದಿದೆ. ಏನು ಹಚ್ಚಬೇಕಿತ್ತು? (ಧಾರವಾಡದಿಂದ)

ಅಗಸೆ ಎಣ್ಣೆ. ಎಣ್ಣೆಗಳಲ್ಲಿ ಒಣಗುವವು, ಒಣಗದವು ಎಂದು ಎರಡು ಜಾತಿ. ಶೇಂಗಾ, ಕೊಬ್ಬರಿ ಎಣ್ಣೆಗಳು ಒಣಗುವುದಿಲ್ಲ, ಕಟ್ಟಿಗೆಯಲ್ಲಿ ಹಸಿಯಾಗಿಯೇ ಉಳಿದು ಹಳಸುತ್ತವೆ. ಅಗಸೆ ಎಣ್ಣೆ ಗಾಳಿಯನ್ನು ಹೀರಿ ಗಟ್ಟಿ ಪದರವಾಗುತ್ತದೆ. ನಮ್ಮ ಕಡೆ ಚಟ್ನಿಪುಡಿಗೆ ಅಗಸಿ ಹುರಿಯದ ಮನೆಯಿಲ್ಲ, ಗಾಣದಲ್ಲಿ ಅದರ ಎಣ್ಣೆಯೂ ಸಿಗುತ್ತದೆ. ತಿನ್ನುವ ಆ ಹಸಿ ಎಣ್ಣೆಯೇ ಬೇಕು. ಬಣ್ಣದಂಗಡಿಯ ಡಬ್ಬಿಯಲ್ಲಿ ‘ಬಾಯ್ಲ್ಡ್’ ಎಂದು ಬರುವುದಕ್ಕೆ ಬೇಗ ಒಣಗಲಿ ಎಂದು ಲೋಹದ ಲವಣ ಬೆರೆಸಿರುತ್ತಾರೆ. ಮೇಜು ಕುರ್ಚಿಗೆ ಅದು ನಡೆದೀತು, ಅಡುಗೆ ಸಾಮಾನಿಗೂ ಕೂಸಿನ ಆಟಿಕೆಗೂ ಬೇಡ.

ಹಚ್ಚುವಾಗ ಕೈ ಬಿಗಿ ಇರಲಿ. ತೆಳುವಾಗಿ ಹಚ್ಚಿ, ಇಪ್ಪತ್ತು ನಿಮಿಷ ಬಿಟ್ಟು, ಒಣಬಟ್ಟೆಯಿಂದ ಪೂರ್ತಿ ಒರೆಸಿರಿ. ಮೇಲೆ ಉಳಿದ ಎಣ್ಣೆ ಅಂಟಂಟಾಗಿ ನಿಲ್ಲುತ್ತದೆ. ನೆರಳಲ್ಲಿ, ಗಾಳಿ ಬೆಳಕಲ್ಲಿ ಐದಾರು ದಿನ ಇಟ್ಟು ಎರಡನೇ ಸಲ, ಆಮೇಲೆ ಮೂರನೇ ಸಲ. ಕೊನೆಯದು ಗಟ್ಟಿಯಾಗಲು ಇನ್ನೂ ಎರಡು ವಾರ ಕೊಡಿರಿ. ಲೆಕ್ಕ ಹಾಕಿ ನೋಡಿರಿ, ಹತ್ತಿರ ಹತ್ತಿರ ಒಂದು ತಿಂಗಳು ಎಣ್ಣೆಗೇ ಹೋಯಿತು. ಹಬ್ಬದ ಹಿಂದಿನ ದಿನ ಹಚ್ಚಿ ಕೊಟ್ಟ ಸೌಟು ಸಾರಿನಲ್ಲಿ ಎಣ್ಣೆ ಬಿಡುತ್ತದೆ. ನಿಮ್ಮ ಹಳೆಯ ಸೌಟನ್ನು ಬಿಸಿನೀರು, ಸೋಡಾ ಹಾಕಿ ತಿಕ್ಕಿ ಒಣಗಿಸಿ, ಕಾಗದದಿಂದ ಒಂದು ಪದರ ತೆಗೆದು ಅಗಸೆ ಎಣ್ಣೆ ಹಚ್ಚಿರಿ, ಸುಧಾರಿಸೀತು.

ಇನ್ನೊಂದು ಮಾತು, ಇದನ್ನು ದಯವಿಟ್ಟು ಎರಡು ಸಲ ಓದಿರಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಒಗೆಯಬೇಡಿರಿ. ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಹರಡಿದ ಬಟ್ಟೆಯಲ್ಲಿ ಆ ಬಿಸಿ ಗಾಳಿಗೆ ಹೋಗುತ್ತದೆ, ಮುದ್ದೆಯಲ್ಲಿ ಒಳಗೇ ಕೂಡಿಕೊಂಡು ತಾನಾಗಿ ಬೆಂಕಿ ಹತ್ತುತ್ತದೆ. ಬೀಡಿ ಬೇಡ, ಕಡ್ಡಿ ಬೇಡ. ನನ್ನ ಅಂಗಡಿಯಲ್ಲೇ ಒಂದು ರಾತ್ರಿ ಹೀಗಾಯಿತು. ಸಂಜೆ ಆರಕ್ಕೆ ಬಟ್ಟೆ ಮುದ್ದೆಯನ್ನು ಮೂಲೆಯ ಹೊಟ್ಟಿನ ಮೇಲೆ ಒಗೆದು ಕೀಲಿ ಹಾಕಿದ್ದೆ. ಒಂಬತ್ತರ ಸುಮಾರಿಗೆ ಪಕ್ಕದ ಹೊಲಿಗೆ ಅಂಗಡಿಯವರು ‘ನಿಮ್ಮ ಬಾಗಿಲ ಸಂದಿಯಾಗ ಹೊಗಿ ಬರಾಕತ್ತೈತಿ’ ಎಂದು ಓಡಿ ಬಂದರು. ಎರಡು ಕೊಡ ನೀರಿನಲ್ಲಿ ಮುಗಿಯಿತು. ಅವರು ಅಂಗಡಿ ಮುಚ್ಚಿ ಹೋಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ. ಬಟ್ಟೆಯನ್ನು ಹೊರಗೆ ತಂತಿಯ ಮೇಲೆ ಒಂಟಿಯಾಗಿ ಹರವಿರಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿರಿ.

ಬೆಟಗೇರಿಯಲ್ಲಿ ನಮ್ಮ ಅಜ್ಜಿಯ ಮನೆ ಕೆಡವಿದರು. ನನ್ನ ಪಾಲಿಗೆ ಎರಡು ಸಾಗವಾನಿ ಜಂತಿ, ಒಂದು ಬಾಗಿಲ ಚೌಕಟ್ಟು ಬಂದಿವೆ. ನಾವು ಐದು ಜನ ಮೊಮ್ಮಕ್ಕಳು. ಐವರಿಗೂ ಆ ಮನೆಯದೊಂದು ತುಣುಕು ಇರಲಿ ಎಂದು ಆಸೆ. ಬಡಿಗರು ‘ಹಳೇ ಕಟ್ಟಿಗಿ, ಒಲಿಗೆ ಹಾಕ್ರಿ’ ಅಂದರು. (ಗದಗಿನ ಶಿಕ್ಷಕಿ)

ತಂಗಿ, ಒಲೆಗೆ ಹಾಕಬೇಡಿ. ಹಸಿ ಹಲಗೆ ಒಣಗಲು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ನಮ್ಮ ಲೆಕ್ಕ. ನಿಮ್ಮ ಜಂತಿ ಅಜ್ಜಿಯ ಒಲೆಯ ಹೊಗೆಯಲ್ಲಿ ಹತ್ತಾರು ವರ್ಷ ಒಣಗಿದೆ. ಅಂಥ ಕಟ್ಟಿಗೆಯನ್ನು ದುಡ್ಡು ಕೊಟ್ಟರೂ ಅಡ್ಡೆಯಲ್ಲಿ ಹುಡುಕಬೇಕು. ನಿಮ್ಮ ಬಡಿಗರಿಗೆ ಹೆದರಿಕೆ ಇರುವುದು ಮೊಳೆಯದು, ಒಳಗೆ ಮುರಿದ ಮೊಳೆಯೊಂದು ಸಿಕ್ಕರೆ ರಂದಾದ ಅಲಗು ಹೋಗುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಜಂತಿಯ ಉದ್ದಕ್ಕೂ ಆಡಿಸಿರಿ. ಎಲ್ಲಿ ಎಳೆಯುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಎಲ್ಲ ಮೊಳೆ ಕಿತ್ತು ಒಯ್ಯಿರಿ. ಆಗ ಯಾವ ಬಡಿಗನೂ ಬೇಡ ಅನ್ನಲಾರ.

ಚೌಕಟ್ಟಿಗೆ ಹಸಿರು ಅಥವಾ ಹಳದಿ ಎಣ್ಣೆಬಣ್ಣ ಇದ್ದರೆ ಒಣಗಿದ್ದನ್ನು ತಿಕ್ಕಬೇಡಿ. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಆ ಧೂಳು ಮಕ್ಕಳ ಮಿದುಳಿಗೆ ವಿಷ. ಬಣ್ಣವಿರುವ ಭಾಗವನ್ನು ನೀರು ಹಾಕುತ್ತ ಕೆರೆದು, ಕೆರೆದದ್ದನ್ನು ಕಾಗದದಲ್ಲಿ ಕಟ್ಟಿ ತೆಗೆಯಿರಿ, ಮಕ್ಕಳನ್ನು ದೂರ ಇಡಿರಿ.

ಏನು ಮಾಡುವುದು ಎಂದರೆ, ಐದು ಅಳಗುಳಿ ಮಣೆ. ಐದೂ ಮನೆಯಲ್ಲಿ ಮಕ್ಕಳು ಕೂತು ಆಡುತ್ತಾರೆ, ಗೋಡೆಗೆ ತೂಗುಹಾಕಿ ಮರೆಯುವ ವಸ್ತು ಅಲ್ಲ. 18 ಇಂಚು ಉದ್ದ, 5 ಇಂಚು ಅಗಲ, ಒಂದೂವರೆ ಇಂಚು ದಪ್ಪದ ಹಲಗೆ. ಏಳೇಳರ ಎರಡು ಸಾಲು, ಒಟ್ಟು 14 ಗುಳಿ. ಗುಳಿಯ ಬಾಯಿ 2 ಇಂಚು, ಆಳ ಮುಕ್ಕಾಲು ಇಂಚು. ಬಾಯಿ ದುಂಡಗಿರುವ ಉಳಿಯಿಂದ ಅಂಚಿನಿಂದ ನಡುವಿನ ಕಡೆಗೆ ತೋಡಬೇಕು, ನಡುವಿನಿಂದ ಅಂಚಿಗೆ ತೋಡಿದರೆ ಚಕ್ಕೆ ಏಳುತ್ತದೆ. ಗುಳಿಯ ತಳ ಬಟ್ಟಲಿನಂತೆ ಇದ್ದರೆ ಬೀಜ ಒಂದೇ ಬೆರಳಿಗೆ ಬಾಚಿ ಬರುತ್ತವೆ, ಚಪ್ಪಟೆ ಇದ್ದರೆ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದೊಂದು ಮಣೆಯ ಮೇಲೆ ಒಂದಾದರೂ ಮೊಳೆಯ ತೂತು ಕಾಣುವಂತೆ ಬಿಡಿ ಎಂದು ಬಡಿಗರಿಗೆ ಹೇಳಿರಿ. ಗುಳಿಗೆ ಐದರಂತೆ 70 ಹುಣಸೆ ಬೀಜ ಹಾಕಿ ಖಣದ ಬಟ್ಟೆಯ ಚೀಲದಲ್ಲಿ ಕಟ್ಟಿ ಕೊಡಿರಿ. ಚೆಂದ ಕಾಣುತ್ತದೆಂದು ಗುಲಗಂಜಿ ಮಾತ್ರ ಬೇಡ. ಕೂಸು ಅಗಿದು ನುಂಗಿದರೆ ಅದರ ವಿಷ ಜೀವಕ್ಕೇ ಅಪಾಯ.

ಚೌಕಟ್ಟಿನ ಹೊಸಿಲಿಗೆ ಗರಗಸ ಹಚ್ಚಬೇಡಿ ಎನ್ನುವುದು ನನ್ನ ಕೋರಿಕೆ. ಅಜ್ಜಿ ಅದಕ್ಕೆ ದಿನಾ ಅರಿಸಿನ ಕುಂಕುಮ ಹಚ್ಚಿದ್ದಾರೆ. ಐವರಲ್ಲಿ ಯಾರಾದರೂ ಮನೆ ಕಟ್ಟಿಸುವಾಗ ಇಡಿಯಾಗಿ ಕೂಡಿಸಲಿ.

ಮಾವಿನ ಕಟ್ಟಿಗೆಯ ಮಣೆಯಿಂದ ಹಿಟ್ಟಿನಂಥ ಪುಡಿ ಬೀಳುತ್ತದೆ, ಸೂಜಿ ಚುಚ್ಚಿದಂಥ ತೂತು ಇವೆ. ಇದನ್ನು ಉಡುಗೊರೆ ಕೊಡಬಹುದೇ? (ಲಕ್ಷ್ಮೇಶ್ವರದಿಂದ)

ಈಗ ಬೇಡ. ಹುಳು ಒಳಗಿದೆ. ಮಾವಿನ ಬಿಳಿ ಭಾಗದಲ್ಲಿರುವ ಪಿಷ್ಟ ಅದಕ್ಕೆ ಆಹಾರ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಫ್ರಿಜ್ಜಿನ ಬರ್ಫದ ಖಾನೆಯಲ್ಲಿ ಒಂದು ವಾರ ಇಡಿರಿ, ಹೊರತೆಗೆದು ಚೀಲದಲ್ಲೇ ಒಂದು ದಿನ ಬಿಡಿರಿ. ಕಪ್ಪು ಬಟ್ಟೆಯ ಮೇಲೆ ತಿಂಗಳೊಪ್ಪತ್ತು ಇಟ್ಟು, ಪುಡಿ ಬೀಳದಿದ್ದರೆ ಕೊಡಿರಿ.

ಕಾಲೇಜು ಓದುತ್ತಿದ್ದೇನೆ. ಅವ್ವನ ಬಳೆ ಇಡಲು ಮಾರ್ಚಿನಲ್ಲಿ ಜಾರುಮುಚ್ಚಳದ ಪೆಟ್ಟಿಗೆ ಮಾಡಿದೆ. ಜುಲೈಗೆ ಮುಚ್ಚಳ ತೆಗೆಯಲು ಬರಲೇ ಇಲ್ಲ. (ಧಾರವಾಡದಿಂದ)

ತಪ್ಪು ನಿಮ್ಮ ಕೈಯದಲ್ಲ, ಊರ ಹವೆಯದು. ಹಲಗೆ ಉದ್ದಕ್ಕೆ ಬೆಳೆಯುವುದಿಲ್ಲ ಎಂದೇ ಹೇಳಬಹುದು, ಅಡ್ಡಕ್ಕೆ ಉಬ್ಬುತ್ತದೆ, ಕುಗ್ಗುತ್ತದೆ. ಧಾರವಾಡದ ಮಾರ್ಚ್ ಒಣ ಹಪ್ಪಳ, ಜುಲೈಯಲ್ಲಿ ಹಾಸಿಗೆಯೂ ತಂಪು. ಬೇಸಿಗೆಯಲ್ಲಿ ಮಾಡಿದ ಮುಚ್ಚಳಕ್ಕೆ ಎರಡೂ ಬದಿಗೆ ಕಾಗದದ ರಟ್ಟು ಹೋಗುವಷ್ಟು ಸಡಿಲ ಬಿಡಬೇಕು. ಈಗ ಮಳೆ ಹಿಂದೆ ಸರಿಯುತ್ತಿದೆ, ಕಾಯಿರಿ. ತಾನಾಗಿ ಸಡಿಲಾದ ಮೇಲೆ ಅಂಚನ್ನು ನಾಲ್ಕೈದು ಸಲ ಕೀಸಿ, ಜೇನುಮೇಣ ತಿಕ್ಕಿರಿ. ದೀಪಾವಳಿಗೆ ಅವ್ವನ ಕೈಗೆ ಸೇರುತ್ತದೆ.

ಮೊಮ್ಮಗನಿಗೆ ಹತ್ತು ತಿಂಗಳು. ಮೊದಲ ದೀಪಾವಳಿ. ನಾನೇ ಎಳೆಯುವ ಬಂಡಿ ಮಾಡಬೇಕೆಂದು ಬೇವಿನ ಟೊಂಗೆಯನ್ನು ರೊಟ್ಟಿಯಂತೆ ಕತ್ತರಿಸಿ ಗಾಲಿ ಮಾಡಿದೆ. ವಾರದಲ್ಲಿ ನಾಲ್ಕೂ ಸೀಳಿದವು. ಬಣ್ಣ ಯಾವುದು ಹಚ್ಚಲಿ? (ಬ್ಯಾಡಗಿಯಿಂದ)

ಹಿರಿಯರೇ, ನಿಮ್ಮ ಪತ್ರ ಓದಿ ನಮ್ಮಪ್ಪ ನೆನಪಾದ. ಆತ ಊರಿನ ಆಯಗಾರ, ಸುಗ್ಗಿಯಲ್ಲಿ ರೈತರು ಅಳೆದುಕೊಟ್ಟ ಜೋಳಕ್ಕೆ ವರ್ಷಪೂರ್ತಿ ಅವರ ಬಂಡಿ, ಕುಂಟೆ, ರಂಟೆ ಸರಿಮಾಡುತ್ತಿದ್ದ. ಟೊಂಗೆಯ ಬಿಲ್ಲೆಯಿಂದ ಆತ ಎಂದೂ ಗಾಲಿ ಮಾಡಲಿಲ್ಲ. ಮರ ಒಣಗುವಾಗ ವರ್ಷದ ಉಂಗುರಗಳ ಗುಂಟ ಕುಗ್ಗುವುದು ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದು ಅದರ ಅರ್ಧದಷ್ಟು. ಆ ಎಳೆದಾಟದಲ್ಲಿ ಬಿಲ್ಲೆ ಸೀಳಲೇಬೇಕು. ಒಣಗಿದ ಹಲಗೆಯ ಮೇಲೆ ಬಟ್ಟಲು ಇಟ್ಟು ಗೆರೆ ಎಳೆದು ಗಾಲಿ ಕೊರೆಯಿರಿ, ಸೀಳುವುದಿಲ್ಲ. ಹಲಗೆ ಮುಕ್ಕಾಲು ಇಂಚು ದಪ್ಪ ಇರಲಿ.

ಬಾಯಿಗೆ ಹಾಕಿಕೊಳ್ಳುವ ವಯಸ್ಸು. ಬಿಡಿಯಾಗಿ ಬರಬಹುದಾದ ಯಾವ ಭಾಗವೂ ಒಂದೂಕಾಲು ಇಂಚಿಗಿಂತ ಸಣ್ಣದಿರಬಾರದು, ಗಂಟಲಿಗೆ ಸಿಕ್ಕೀತು. ಮೊಳೆ ಬೇಡ, ಗಾಲಿಯ ಅಚ್ಚಿಗೆ ಕಟ್ಟಿಗೆಯ ಗೂಟ ಬಡಿಯಿರಿ. ಎಳೆಯುವ ದಾರ ಒಂದು ಗೇಣಿಗಿಂತ ಉದ್ದ ಬೇಡ, ಕೊರಳಿಗೆ ಸುತ್ತಬಾರದು. ಮೂಲೆಗಳನ್ನು ನಿಮ್ಮ ಕೆನ್ನೆಗೆ ತಿಕ್ಕಿ ನೋಡಿರಿ, ಕೈಗೆ ತಿಳಿಯದ ಚೂಪು ಕೆನ್ನೆಗೆ ತಿಳಿಯುತ್ತದೆ.

ಬಣ್ಣ ಹಚ್ಚಲೇಬೇಕೆಂದರೆ ಅರಿಸಿನ ಕದಡಿದ ನೀರು ಹಚ್ಚಿ ಒಣಗಿಸಿ, ಮೇಲೆ ಅಗಸೆ ಎಣ್ಣೆ. ಬಿಸಿಲಿಗೆ ಮಾಸುತ್ತದೆ, ಮಾಸಲಿ. ಚನ್ನಪಟ್ಟಣದವರ ಹೊಳಪು ಬೇರೆಯೇ ವಿದ್ಯೆ. ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತುತ್ತದೆ. ಅದಕ್ಕೆ ತಿರುಗಣಿ ಬೇಕು, ಮನೆಯಲ್ಲಿ ಆಗದು. ಮನೆಗೆ ಇನ್ನೊಂದು ಕೂಸು ಬರುವುದಿದ್ದರೆ ಕಲಘಟಗಿಗೆ ಹೋಗಿ ಬನ್ನಿ. ಸಾಗವಾನಿ ತೊಟ್ಟಿಲ ಮೇಲೆ ಕೃಷ್ಣಲೀಲೆ, ರಾಮಾಯಣ ಬರೆಯುವ ಕೈಗಳು ಅಲ್ಲಿ ಇನ್ನೂ ಇವೆ. ತಿಂಗಳುಗಟ್ಟಲೆಯ ಕೆಲಸ, ಸೀಮಂತಕ್ಕೆ ಮೊದಲೇ ಹೇಳಿಡಬೇಕು.

ಐಟಿಐ ಮುಗಿಸಿ ಮನೆಯಲ್ಲೇ ಪೆನ್ ಸ್ಟ್ಯಾಂಡ್, ವ್ಯಾಸಪೀಠ, ಆಟಿಕೆ ಮಾಡುತ್ತೇನೆ. ದೀಪಾವಳಿಗೆ ಮಾರುವ ಯೋಚನೆ. ಬೆಲೆ ಹೇಗೆ ಹಾಕಲಿ? (ರಾಣೆಬೆನ್ನೂರಿನಿಂದ)

ತಮ್ಮಾ, ಒಂದು ವಸ್ತು ಮಾಡುವಾಗ ಗಡಿಯಾರ ನೋಡಿ ಬರೆದಿಡು. ಎಷ್ಟು ತಾಸು ಕೀಸಿದೆ, ಎಷ್ಟು ತಾಸು ತಿಕ್ಕಿದೆ. ಊರಲ್ಲಿ ಬಡಿಗನ ದಿನಗೂಲಿ ಎಷ್ಟಿದೆಯೋ ಅದರ ಲೆಕ್ಕದಲ್ಲಿ ನಿನ್ನ ತಾಸಿಗೂ ಹಣ ಹಾಕು. ಕಟ್ಟಿಗೆ, ಎಣ್ಣೆ, ಕಾಗದ ಬೇರೆ. ತಿಕ್ಕಿದ ಹೊತ್ತನ್ನು ಲೆಕ್ಕಕ್ಕೆ ಹಿಡಿಯದ ಹುಡುಗರು ವರ್ಷದಲ್ಲಿ ಕೆಲಸ ಬಿಡುವುದನ್ನು ನೋಡಿದ್ದೇನೆ.

ಆಟಿಕೆ ಮಾರುವುದಾದರೆ ಕಾನೂನು ತಿಳಿದಿರಲಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ಹೆಸರು ನೋಂದಾಯಿಸಿದ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ, ಆ ಗುರುತಿನ ಚೀಟಿ ಮಾಡಿಸಿಕೋ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ನಮ್ಮದೂ ಒಂದು, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವಿದೆ. ಸಾಮಾನ್ಯ ಸೇವಾ ಕೇಂದ್ರಕ್ಕೆ (ಸಿಎಸ್‌ಸಿ) ಆಧಾರ್ ಒಯ್ದು ವಿಚಾರಿಸು.

ಮುಂಗಡ ಇಲ್ಲದೆ ದೊಡ್ಡ ಆರ್ಡರ್ ಹಿಡಿಯಬೇಡ. ಒಂದು ಕಚೇರಿಯವರು ಸಿಬ್ಬಂದಿಗೆ ಹಂಚಲು 60 ಪೆನ್ ಸ್ಟ್ಯಾಂಡ್ ಬೇಕೆಂದು ಬಾಯಿಮಾತಿನಲ್ಲಿ ಹೇಳಿಹೋದರು. ನಾನೂ ನನ್ನ ಇಬ್ಬರು ಹುಡುಗರೂ ದಸರೆಯ ರಜೆ ಬಿಟ್ಟು ಮಾಡಿದೆವು. ನರಕ ಚತುರ್ದಶಿಯ ಹಿಂದಿನ ದಿನ ಫೋನ್ ಮಾಡಿ, ಈ ಸಲ ಪೇಢಾ ಹಂಚುತ್ತೇವೆ, ಅವು ಬೇಡ ಅಂದರು. ಆ ಹುಡುಗರಿಗೆ ಹಬ್ಬದ ದುಡ್ಡು ಕೊಡಲು ಹೆಂಡತಿಯ ಹತ್ತಿರ ಕೈಯೊಡ್ಡಿದೆ. ಅರವತ್ತನ್ನೂ ಮಾರಿ ಮುಗಿಸಲು ಎರಡು ವರ್ಷ ಹಿಡಿಯಿತು. ಅರ್ಧ ಹಣ ಕೈಗೆ ಬಂದ ಮೇಲೆಯೇ ಕಟ್ಟಿಗೆಗೆ ಗರಗಸ ಹಚ್ಚು, ಆರ್ಡರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಅವರ ಸಹಿ ಹಾಕಿಸಿಕೋ.